ಗ್ರಂಥಭಂಡಾರಕ್ಕೆ ಬರುವ ವಾಚಕರ ಪತ್ರಗಳು

ಓಲೆಯ ಪ್ರತಿಯನ್ನು ಬರೆದು ಮುಗಿಸಿದ ಲಿಪಿಕಾರನು ಕಡೆಯ ಗರಿಯಲ್ಲಿ ತನ್ನ ಹೆಸರು, ತಿಥಿ, ವಾರಗಳನ್ನು ನಮೂದಿಸಿದ ಬಳಿಕ ಇನ್ನೊಂದು ಮಾತನ್ನು ಹೇಳುವುದು ವಾಡಿಕೆ. ತಾನು ಕಂಡುದನ್ನು ಕಂಡಂತೆಯೇ ಬರೆದಿರುವನೆಂದೂ, ಅಕ್ಷರವೊಂದು ಹೆಚ್ಚಾಗಿದ್ದರೆ ಅಥವಾ ಕಡಮೆಯಾಗಿದ್ದರೆ ಬಲ್ಲವರು ತಿದ್ದಿ ಓದಬೇಕೆಂದೂ ಅವನು ಬೇಡಿಕೊಳ್ಳುತ್ತಾನೆ. ನಮ್ಮ ಭಂಡಾರಗಳಲ್ಲಿರುವ ನೂರಾರು ಪುಷ್ಪಿಕೆಗಳಲ್ಲಿ ಈ ಪ್ರಾರ್ಥನೆ ಒಂದಲ್ಲ ಒಂದು ರೂಪದಲ್ಲಿ ಕಾಣುತ್ತದೆ. ಸೂಚಿಗಳನ್ನು ಸಿದ್ಧಪಡಿಸುವವರು ಇದನ್ನು ರೂಢಿಯ ವಾಕ್ಯವೆಂದು ಬಗೆದು ಬಿಟ್ಟುಬಿಡುವುದೇ ಹೆಚ್ಚು. ಆದರೆ ಇದರಲ್ಲಿ ಒಂದು ವ್ಯವಸ್ಥೆಯೇ ಅಡಗಿದೆ. ಗ್ರಂಥವನ್ನು ಕೈಗೆ ಕೊಡುವವನು ಅದರ ದೋಷಗಳನ್ನು ತಿಳಿಸುವ ಅಧಿಕಾರವನ್ನೂ ವಾಚಕನಿಗೆ ಒಪ್ಪಿಸುತ್ತಿದ್ದಾನೆ. ವಾಚಕನು ಅಂಚಿನಲ್ಲಿ ಹಂಸಪಾದವನ್ನಿಟ್ಟು ಬಿಟ್ಟುಹೋದ ಅಕ್ಷರವನ್ನು ಸೇರಿಸಿದರೆ ಮುಂದಿನ ಪ್ರತಿಯನ್ನು ಮಾಡುವವನಿಗೆ ಅದು ಉಪಯೋಗಕ್ಕೆ ಬರುತ್ತಿತ್ತು.

ಇಂದು ಗರಿಯ ಮೇಲೆ ಬರೆಯಲು ಯಾವ ವಾಚಕನಿಗೂ ಅವಕಾಶವಿಲ್ಲ, ಇರಲೂ ಬಾರದು. ಹಾಗಾಗಿ ಹಿಂದೆ ಅಂಚಿನಲ್ಲಿ ನಡೆಯುತ್ತಿದ್ದ ಈ ವ್ಯವಹಾರವೆಲ್ಲ ಪತ್ರಗಳ ಮೂಲಕ ನಡೆಯಬೇಕಾಗಿದೆ. ಸೂಚಿಯಲ್ಲಿ ಕರ್ತೃವಿನ ಹೆಸರು ತಪ್ಪಾಗಿದೆ ಎಂದೊಬ್ಬರು ಬರೆಯುತ್ತಾರೆ. ಮುದ್ರಿತ ಪಾಠಕ್ಕೂ ನಿಮ್ಮಲ್ಲಿರುವ ಪ್ರತಿಗೂ ವ್ಯತ್ಯಾಸವಿದೆಯೇ ಎಂದು ಇನ್ನೊಬ್ಬರು ಕೇಳುತ್ತಾರೆ. ಪ್ರತಿಯ ಛಾಯಾಚಿತ್ರ ಬೇಕೆಂದು ಮತ್ತೊಬ್ಬರು, ಮೂರು ಸಲ ಬರೆದರೂ ಉತ್ತರವಿಲ್ಲವೆಂದು ಮಗುದೊಬ್ಬರು. ಕಾಗದದಲ್ಲಿ ಬರುತ್ತಿದ್ದುದು ಈಗ ಬಹುಮಟ್ಟಿಗೆ ಇ-ಮೇಲ್‌ನಲ್ಲಿ ಬರುತ್ತದೆ, ದೂರವಾಣಿಯಲ್ಲಿ ಬರುತ್ತದೆ. ವಿಷಯ ಮಾತ್ರ ಅದೇ. ಈ ಪತ್ರಗಳನ್ನು ಹೇಗೆ ಸ್ವೀಕರಿಸಬೇಕು, ಯಾವುದನ್ನು ಪರೀಕ್ಷಿಸಬೇಕು, ಯಾವುದಕ್ಕೆ ಏನೆಂದು ಉತ್ತರಿಸಬೇಕು, ಪರೀಕ್ಷೆಯ ಫಲವನ್ನು ಎಲ್ಲಿ ದಾಖಲಿಸಬೇಕು ಎಂಬುದು ಕಚೇರಿಯ ಕಾರ್ಯಕ್ರಮವೆಂದು ತೋರಿದರೂ ನಿಜವಾಗಿ ಪಾಠಶೋಧನೆಗೆ ಸೇರಿದ ವಿಷಯ. ಇದಕ್ಕೆ ಜೈನಶಾಸ್ತ್ರದ ಚರಿತ್ರೆಯಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ.

ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿರುವ ಧವಲ, ಜಯಧವಲ, ಮಹಾಬಂಧಗಳ ತಾಡಪತ್ರೀಯ ಪ್ರತಿಗಳು ಬಹುಕಾಲ ದರ್ಶನದ ವಸ್ತುಗಳಾಗಿಯೇ ಉಳಿದಿದ್ದುವು. ದೂರದಿಂದ ಬಂದ ಯಾತ್ರಿಕರು ಕಟ್ಟುಗಳಿಗೆ ಕೈಮುಗಿದು ಹಿಂದಿರುಗುತ್ತಿದ್ದರು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಮುಂಬಯಿಯ ಸೇಠ್ ಮಾಣಿಕಚಂದ್ ಹಾಗೂ ಸೊಲ್ಲಾಪುರದ ಹೀರಾಚಂದ್ ನೇಮಚಂದ್ ಮೊದಲಾದವರು ದರ್ಶನಕ್ಕೆ ಬಂದವರಾದರೂ ದರ್ಶನದಿಂದಲೇ ತೃಪ್ತರಾಗಲಿಲ್ಲ. ಇವನ್ನು ಓದಬಲ್ಲವರು ಯಾರು, ಗರಿಗಳು ಜೀರ್ಣವಾದರೆ ಮುಂದೇನು ಗತಿ ಎಂಬ ಪ್ರಶ್ನೆಯನ್ನು ಅವರು ಎತ್ತಿದರು. ಭಂಡಾರವನ್ನು ಸಂದರ್ಶಿಸಿದವರ ಒಂದು ಪ್ರಶ್ನೆಯಿಂದ ಪ್ರತಿಲಿಪಿಯ ಕಾರ್ಯ ಆರಂಭವಾಯಿತೆಂಬುದನ್ನು ಮರೆಯುವಂತಿಲ್ಲ. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜಿನ ಗಜಪತಿ ಉಪಾಧ್ಯಾಯರೂ ಹಳಗನ್ನಡ ಲಿಪಿಯ ಗರಿಗಳಿಂದ ಪ್ರತಿಮಾಡಲು ತೊಡಗಿದರು. ಪ್ರತಿಗಳು ಮೂಡಬಿದಿರೆಯಲ್ಲಿಯೇ ಉಳಿಯಬೇಕೆಂಬುದು ನಿಯಮವಾಗಿದ್ದರೂ ಗಜಪತಿ ಉಪಾಧ್ಯಾಯರು ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿಕೊಂಡರು. ಅದು ಸಹಾರನ್‌ಪುರವನ್ನು ಸೇರಿ ಅಲ್ಲಿ ದೇವನಾಗರಿಗೆ ಇಳಿಯಿತು. ಅಲ್ಲಿಂದ ಸೀತಾರಾಮ ಶಾಸ್ತ್ರಿಗಳ ಕೈಯಿಂದ ಹೊರಟ ಪ್ರತಿಗಳು ಉತ್ತರದ ಹಲವು ಭಂಡಾರಗಳಿಗೆ ಹರಡಿದುವು. ಪ್ರೊ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಅಮರಾವತಿಯಿಂದ ಷಟ್‌ಖಂಡಾಗಮದ ಮೊದಲ ಸಂಪುಟ ಹೊರಬಂದಾಗ ಆಧಾರವಾಗಿದ್ದುದು ಅಮರಾವತಿ, ಆರಾ, ಕಾರಂಜಾ ಎಂಬೀ ಸ್ಥಳಗಳ ಕಾಗದದ ಪ್ರತಿಗಳು. ಮೂಲದ ಗರಿಗಳಿಗೂ ಅಚ್ಚಿನ ಪುಟಕ್ಕೂ ನಡುವೆ ಹೀಗೆ ಮೂರು ನಾಲ್ಕು ಕೈಗಳು ಸೇರಿದ್ದುವು.

ಈ ಸಂಪುಟದಲ್ಲಿರುವ ಸತ್ಪ್ರರೂಪಣೆಯ 93ನೆಯ ಸೂತ್ರದ ಸಂಗತಿ ಪಂಡಿತರಿಗೆ ತಿಳಿದದ್ದೇ. ಮನುಷ್ಯಣಿಯರ ಗುಣಸ್ಥಾನಗಳನ್ನು ಹೇಳುವಲ್ಲಿ ಕಾಗದದ ಪ್ರತಿಗಳಲ್ಲಿ ‘ಸಂಜದಾಸಂಜದ’ ಎಂಬಲ್ಲಿಗೆ ಪಾಠ ನಿಲ್ಲುತ್ತಿತ್ತು. ವೀರಸೇನರ ಟೀಕೆಯ ಗತಿಯನ್ನೂ ಮುಂದಿನ ಪ್ರರೂಪಣೆಗಳ ಸೂತ್ರಗಳನ್ನೂ ನೋಡಿದರೆ ಅಲ್ಲಿ ‘ಸಂಜದ’ ಎಂಬ ಪದ ಬಿಟ್ಟುಹೋಗಿರಬೇಕೆಂದು ಸಂಪಾದಕರಿಗೆ ತೋರಿತು. ಅವರು ಆ ಪದವನ್ನು ಸೂತ್ರದೊಳಗೆ ಸೇರಿಸಲಿಲ್ಲ. ಅಡಿಟಿಪ್ಪಣಿಯಲ್ಲಿ ತಮ್ಮ ಊಹೆಯನ್ನು ಸೂಚಿಸಿ ಬಿಟ್ಟರು. ಮೂರಕ್ಷರದ ಈ ಟಿಪ್ಪಣಿಯಿಂದ ಎದ್ದ ಚರ್ಚೆ ಸಾಮಾನ್ಯವಾದುದಲ್ಲ. ದ್ರವ್ಯವೇದ, ಭಾವವೇದ, ಸ್ತ್ರೀಮುಕ್ತಿ ಎಂಬ ಮೂಲಭೂತ ವಿಷಯಗಳಿಗೆ ಅದು ತಗುಲಿತು. ಪತ್ರಿಕೆಗಳಲ್ಲಿ ಲೇಖನಗಳ ಮೇಲೆ ಲೇಖನಗಳು ಬಂದುವು. ಸಿದ್ಧಾಂತಕ್ಕೆ ವಿರುದ್ಧವಾದ ಪದವನ್ನು ಆಗಮದಲ್ಲಿ ತುರುಕಲಾಗುತ್ತಿದೆಯೆಂದು ಒಂದು ಪಕ್ಷ ವಾದಿಸಿದರೆ, ಭಾವಸ್ತ್ರೀಯ ವಿವಕ್ಷೆಯಲ್ಲಿ ಈ ಪದಕ್ಕೆ ವಿರೋಧವೇ ಇಲ್ಲವೆಂದು ಇನ್ನೊಂದು ಪಕ್ಷ ಸಮರ್ಥಿಸಿತು.

ಎರಡೂ ಪಕ್ಷಗಳವರಿಗೆ ಒಂದು ಸಮಾನವಾದ ಕೊರತೆ ಇತ್ತು. ಗರಿಯಲ್ಲಿ ಏನಿದೆ ಎಂಬುದನ್ನು ಅವರು ನೋಡಿರಲಿಲ್ಲ. ಮಠದವರ ಸಮ್ಮತಿ ದೊರೆತು ಲೋಕನಾಥ ಶಾಸ್ತ್ರಿಗಳೇ ಮೊದಲಾದ ವಿದ್ವಾಂಸರು ಮೂಡಬಿದಿರೆಯಲ್ಲಿ ಮುದ್ರಿತ ಪಾಠವನ್ನು ತಾಡಪತ್ರಗಳೊಡನೆ ಹೋಲಿಸಿದಾಗ ‘ಸಂಜದ’ ಪದವು ಅಲ್ಲಿ ಇರುವುದು ಕಂಡುಬಂದಿತು. ಪ್ರತಿಮಾಡುವಾಗ ‘ಸಂಜದ’ ಎಂಬ ಅಕ್ಷರಗಳು ಒಂದರ ಬೆನ್ನಿಗೊಂದು ಬಂದದ್ದರಿಂದ ಕಣ್ಣು ಜಾರಿದ್ದರೆ ಅದು ಅಚ್ಚರಿಯ ವಿಷಯವಲ್ಲ. ಪ್ರತಿಕಾರರಿಗೆ ಇದು ಅತ್ಯಂತ ಸಹಜವಾದ ದೋಷ. ಚರ್ಚೆ ಅಲ್ಲಿಗೆ ನಿಂತಿತೆಂದಲ್ಲ. ಆದರೆ ಅನಂತರದ ಚರ್ಚೆಯ ನೆಲೆ ಬೇರೆಯಾಯಿತು. ಪದ ಇದೆಯೇ ಇಲ್ಲವೇ ಎಂಬುದನ್ನು ಬಿಟ್ಟು, ಇರುವ ಪದಕ್ಕೆ ಅರ್ಥವೇನು ಎಂಬುದನ್ನು ಕುರಿತು ವಾದಿಸಬೇಕಾಯಿತು.

ಈ ಪ್ರಸಂಗದಲ್ಲಿ ಭಂಡಾರದ ಪಾಲು ಎಷ್ಟು ಎಂಬುದು ಇಲ್ಲಿ ಮುಖ್ಯವಾದುದು. ಭಂಡಾರಕ್ಕೆ ಬಂದ ಪ್ರಶ್ನೆಯಲ್ಲಿ ಎರಡು ಅಂಶಗಳಿದ್ದುವು: ಗರಿಯಲ್ಲಿ ಯಾವ ಪಾಠವಿದೆ ಎಂಬುದೊಂದು, ಯಾವ ಪಾಠ ಸಿದ್ಧಾಂತಕ್ಕೆ ಸಮ್ಮತ ಎಂಬುದಿನ್ನೊಂದು. ಮೊದಲನೆಯದಕ್ಕೆ ಉತ್ತರ ಕೊಡಬಲ್ಲವರು ಗರಿಯನ್ನು ಇಟ್ಟುಕೊಂಡವರೇ, ಬೇರಾರೂ ಅಲ್ಲ. ಎರಡನೆಯದಕ್ಕೆ ಉತ್ತರ ಕೊಡುವ ಹೊಣೆ ಭಂಡಾರದ ಮೇಲಿಲ್ಲ. ಭಂಡಾರಪಾಲಕನು ಸ್ವತಃ ಪಂಡಿತನಾಗಿದ್ದಾಗ, ನಮ್ಮಲ್ಲಿ ಹೀಗಿರುವುದೇ ಹೆಚ್ಚು, ಈ ಎರಡನ್ನೂ ಒಂದೇ ಪತ್ರದಲ್ಲಿ ಬೆರಸುವ ಪ್ರಲೋಭನೆ ಪ್ರಬಲವಾಗಿರುತ್ತದೆ. ‘ಗರಿಯಲ್ಲಿ ಹೀಗಿದೆ, ಆದರೆ ಅದು ಲಿಪಿಕಾರನ ಪ್ರಮಾದ’ ಎಂದು ಬರೆದರೆ ಪ್ರಶ್ನೆ ಕೇಳಿದವನು ಅರ್ಧ ವಾಕ್ಯವನ್ನು ಮಾತ್ರ ಉದ್ಧರಿಸುವ ಸಂಭವವುಂಟು. ಗರಿಯ ಸಾಕ್ಷ್ಯ ಒಂದು ಪತ್ರದಲ್ಲಿರಲಿ. ಅಭಿಪ್ರಾಯ ಬೇಕಿದ್ದರೆ ಅದು ಭಂಡಾರದ ಮುದ್ರೆಯಿಲ್ಲದ ಬೇರೊಂದು ಪತ್ರದಲ್ಲಿರಲಿ.

ಇನ್ನೊಂದು ಸಂಗತಿ. ಸಂಪಾದಕರು ತಮ್ಮ ಊಹೆಯನ್ನು ಸೂತ್ರದಲ್ಲಿ ಸೇರಿಸದೆ ಟಿಪ್ಪಣಿಯಲ್ಲಿಟ್ಟುದರಿಂದ ಪರೀಕ್ಷೆ ಸಾಧ್ಯವಾಯಿತು. ಸೂಚಿಯನ್ನು ತಿದ್ದುವವರಿಗೂ ಇದೇ ಮಾದರಿ. ವಾಚಕರೊಬ್ಬರು ಸೂಚಿಸಿದ ತಿದ್ದುಪಡಿಯನ್ನು ಒಪ್ಪಿದ ಮಾತ್ರಕ್ಕೆ ಹಳೆಯ ನಮೂದನ್ನು ಅಳಿಸಿಬಿಡುವುದು ತಪ್ಪು. ಹಳೆಯದು ಯಾವುದಿತ್ತು, ಯಾವಾಗ ಯಾರ ಸೂಚನೆಯ ಮೇಲೆ ಯಾವ ಗರಿಯನ್ನು ನೋಡಿ ತಿದ್ದಲಾಯಿತು ಎಂಬಿಷ್ಟೂ ಉಳಿದಿರಬೇಕು. ಗಣಕಯಂತ್ರದಲ್ಲಿ ಸೂಚಿಯನ್ನು ಇಟ್ಟಿರುವ ಕಡೆಗಳಲ್ಲಿ ಈ ಅಪಾಯ ಹೆಚ್ಚು. ಅಲ್ಲಿ ಅಳಿಸಿದ ಗುರುತೂ ಉಳಿಯದು. ಕಾಗದದ ಸೂಚಿಯಲ್ಲಿ ಕೆಂಪು ಶಾಯಿಯಿಂದ ಹೊಡೆದುಹಾಕಿದ ಹೆಸರು ಕೊನೆಯ ಪಕ್ಷ ಕಣ್ಣಿಗೆ ಬೀಳುತ್ತಿತ್ತು.

ತಿದ್ದುಪಡಿಯ ಪತ್ರಗಳಲ್ಲಿ ಬಹುಭಾಗ ಕರ್ತೃ ಮತ್ತು ಕಾಲಗಳಿಗೆ ಸಂಬಂಧಿಸಿರುತ್ತದೆ. ಸಮಾನನಾಮಧೇಯರಾದ ಆಚಾರ್ಯರ ಸಂಖ್ಯೆ ನಮ್ಮ ಪರಂಪರೆಯಲ್ಲಿ ಅಲ್ಪವಲ್ಲ. ಜಯಧವಲವನ್ನು ಪೂರ್ಣಗೊಳಿಸಿ ಸಂಸ್ಕೃತ ಆದಿಪುರಾಣವನ್ನು ಬರೆದ ಜಿನಸೇನರು ಬೇರೆ. ಶಕ 705ರಲ್ಲಿ, ಅಂದರೆ ಕ್ರಿ. ಶ. 783ರಲ್ಲಿ, ಹರಿವಂಶಪುರಾಣವನ್ನು ಮುಗಿಸಿದ ಪುನ್ನಾಟ ಸಂಘದ ಜಿನಸೇನರು ಬೇರೆ. ಸೂಚಿಯಲ್ಲಿ ಬರಿಯ ‘ಜಿನಸೇನ’ ಎಂದಿದ್ದರೆ ವಾಚಕನ ಪತ್ರ ಬಂದೇ ಬರುತ್ತದೆ. ‘ಆದಿಪುರಾಣ, ಅಪೂರ್ಣ’ ಎಂದು ಮಾತ್ರ ಬರೆದ ನಮೂದನ್ನು ನೋಡಿದವರು ಅದು ಜಿನಸೇನರದೋ 941ರ ಪಂಪನದೋ ಎಂದು ಹೇಗೆ ತಿಳಿಯಬೇಕು? ಇಂಥ ಪತ್ರಗಳಿಗೆ ಉತ್ತರ ಸುಲಭ. ಮೊದಲ ಗರಿಯನ್ನೂ ಒಂದು ಆಶ್ವಾಸಾಂತ್ಯ ಅಥವಾ ಪರ್ವಾಂತ್ಯವನ್ನೂ ನೋಡಿದರೆ ಸಾಕು. ನಾಚಿಕೊಳ್ಳದೆ ನೋಡಿ ತಿದ್ದಬೇಕಷ್ಟೆ.

ಕಾಲದ ವಿಷಯ ಇಷ್ಟು ಸುಲಭವಲ್ಲ. ಶಕವರ್ಷಕ್ಕೆ 78ನ್ನು ಕೂಡಿಸಿ ಇಸವಿಯನ್ನು ಹೇಳುವುದು ರೂಢಿ. ಆದರೆ ವರ್ಷದ ಕೊನೆಯ ಭಾಗದಲ್ಲಿ ಬರುವ ಪುಷ್ಯ, ಮಾಘ, ಫಾಲ್ಗುನಗಳ ತಿಥಿಗಳಿಗೆ 79 ಆಗಬಹುದು. ಲಿಪಿಕಾರನು ಕೊಟ್ಟದ್ದು ಗತಶಕವೋ ವರ್ತಮಾನಶಕವೋ ಎಂಬುದರ ಮೇಲೆಯೂ ಒಂದು ವರ್ಷ ಹಿಂದುಮುಂದಾಗುತ್ತದೆ. ಒಂದು ವರ್ಷದ ವ್ಯತ್ಯಾಸವನ್ನು ತೋರಿಸಿ ‘ನಿಮ್ಮ ಸೂಚಿ ತಪ್ಪು’ ಎಂದು ಬರೆಯುವವರಿಗೆ ಲೆಕ್ಕದ ಈ ಎರಡು ರೀತಿಗಳನ್ನು ವಿನಯದಿಂದ ವಿವರಿಸಿದರೆ ಸಾಕಾಗುತ್ತದೆ. ಸಂವತ್ಸರದ ಹೆಸರು ಮಾತ್ರವಿದ್ದು ಶಕವಿಲ್ಲದ ಪ್ರತಿಗಳ ವಿಷಯದಲ್ಲಿ ಸೂಚಿಕಾರರೇ ಸಾಹಸ ಮಾಡಿರುವುದುಂಟು. ಪ್ಲವ ಸಂವತ್ಸರ 1841ರಲ್ಲಿ ಬಂದಿತ್ತು, 1901ರಲ್ಲಿ ಬಂದಿತು, 1961ರಲ್ಲಿಯೂ ಬಂದಿತು. ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಸೂಚಿಯಲ್ಲಿ ನಿಸ್ಸಂದೇಹವಾಗಿ ಅಚ್ಚುಹಾಕಿದ್ದರೆ ಆಕ್ಷೇಪಿಸಿದ ವಾಚಕನೇ ಸರಿ.

ಎಲ್ಲಕ್ಕಿಂತ ಮೋಸಗೊಳಿಸುವಂಥದು ಪ್ರತಿಯ ಪ್ರತಿ. ಹಳೆಯ ಗರಿಯನ್ನು ಎದುರಿಗಿಟ್ಟುಕೊಂಡು ಬರೆಯುವವನು ಆ ಗರಿಯ ಪುಷ್ಪಿಕೆಯನ್ನೂ ಅದರ ಶಕವರ್ಷದೊಡನೆ ಹಾಗೆಯೇ ಬರೆದುಬಿಡುತ್ತಾನೆ. ತನ್ನ ಕಾಲವನ್ನು ಹೇಳುವುದೇ ಇಲ್ಲ, ಇಲ್ಲವೇ ಅದರ ಕೆಳಗೆ ಎಲ್ಲೋ ಒಂದು ಸಾಲಿನಲ್ಲಿ ಹೇಳುತ್ತಾನೆ. ಲಿಪಿಯ ಮೋಡಿಯನ್ನು ಬಲ್ಲ ವಾಚಕರು ‘ಈ ಅಕ್ಷರಗಳು ಅಷ್ಟು ಹಳೆಯವಾಗಿರಲಾರವು’ ಎಂದು ಬರೆದಾಗ ಭಂಡಾರದವರು ಪುಷ್ಪಿಕೆಯನ್ನು ತೋರಿಸಿ ಪ್ರತಿಭಟಿಸುವುದುಂಟು. ಪುಷ್ಪಿಕೆ ಪ್ರಾಮಾಣಿಕವೇ, ಆದರೆ ಅದು ಎದುರಿಗಿರುವ ಪ್ರತಿಯದಲ್ಲ.

ಹಾಗೆಂದು ವಾಚಕರು ಹೇಳಿದ್ದೆಲ್ಲ ಸರಿಯೆಂದು ತಿಳಿಯುವಂತೆಯೂ ಇಲ್ಲ. ಗರಿಗಳ ಛಾಯಾಚಿತ್ರಗಳು ಈಗ ದೂರದ ವಿದ್ವಾಂಸರ ಕೈಗೂ ದೊರೆಯುತ್ತಿರುವುದರಿಂದ ಒಂದು ಹೊಸ ಬಗೆಯ ತಿದ್ದುಪಡಿಗಳು ಬರತೊಡಗಿವೆ. ದಕ್ಷಿಣದ ಪ್ರತಿಗಳಲ್ಲಿ ಪ್ರಾಕೃತವನ್ನು ಬರೆಯುವಾಗ ವ್ಯಂಜನದ ದ್ವಿತ್ವವನ್ನು ಸೂಚಿಸಲು ಆ ವ್ಯಂಜನದ ಹಿಂದೆ ಒಂದು ಸೊನ್ನೆಯನ್ನಿಡುವ ಸಂಪ್ರದಾಯವುಂಟು. ‘ಸವ್ವ’ ಎಂಬುದು ಕಣ್ಣಿಗೆ ‘ಸಂವ’ ಎಂದು ಕಾಣುತ್ತದೆ, ‘ಅಪ್ಪಾ’ ಎಂಬುದು ‘ಅಂಪಾ’ ಎಂದು ಕಾಣುತ್ತದೆ. ಈ ಸಂಕೇತವನ್ನು ಅರಿಯದವರು ಅದನ್ನು ಅನುಸ್ವಾರವೆಂದು ಓದಿ, ಮುದ್ರಿತ ಪಾಠದಲ್ಲಿ ಪುಟಕ್ಕೆ ಹತ್ತು ದೋಷಗಳನ್ನು ಕಂಡುಹಿಡಿದು ಪಟ್ಟಿ ಮಾಡಿ ಕಳುಹಿಸುತ್ತಾರೆ. ಶ್ರಮವೇನೋ ಶ್ಲಾಘನೀಯ. ಎ, ಏಗಳಿಗೂ ಒ, ಓಗಳಿಗೂ ಗರಿಯಲ್ಲಿ ಭೇದ ತೋರದಿರುವುದು, ಮಹಾಪ್ರಾಣದ ಸೀಳು ಶಲಾಕೆಯ ಗೀರಿನಲ್ಲಿ ಮರೆಯಾಗುವುದು, ೬ ಮತ್ತು ೯ ಎಂಬ ಅಂಕಿಗಳು ಒಂದರಂತೆ ಇನ್ನೊಂದು ಕಾಣುವುದು ಮೊದಲಾದವೂ ಇದೇ ಜಾತಿಯ ತೊಡಕುಗಳು. ಹುಳು ಕೊರೆದ ರಂಧ್ರವು ಚಿತ್ರದಲ್ಲಿ ಬಿಂದುವಿನಂತೆ ಕಂಡರೆ ಅದನ್ನು ಗರಿಯನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿದವನಲ್ಲದೆ ಬೇರೊಬ್ಬನು ನಿರ್ಣಯಿಸಲಾರನು.

ಆದ್ದರಿಂದ ಪ್ರತಿಯೊಂದು ಭಂಡಾರವೂ ತನ್ನ ಪ್ರತಿಗಳ ಲಿಪಿಸಂಪ್ರದಾಯಗಳನ್ನು ಎರಡು ಪುಟಗಳಲ್ಲಿ ವಿವರಿಸಿ ಬರೆದಿಟ್ಟುಕೊಂಡು, ಛಾಯಾಚಿತ್ರವನ್ನು ಕಳುಹಿಸುವಾಗಲೇ ಅದರೊಡನೆ ಕಳುಹಿಸುವುದು ಲೇಸು. ಇದರಿಂದ ಅರ್ಧಕ್ಕರ್ಧ ಪತ್ರಗಳು ಹುಟ್ಟುವುದೇ ಇಲ್ಲ. ಉಳಿದವುಗಳಿಗೆ ಉತ್ತರಿಸುವಾಗ ‘ನಿಮಗೆ ಲಿಪಿ ತಿಳಿಯದು’ ಎಂಬ ಧ್ವನಿ ಬಾರದಂತೆ ನೋಡಿಕೊಳ್ಳಬೇಕು. ಪಂಡಿತರ ಪತ್ರಗಳಲ್ಲಿ ಈ ಧ್ವನಿ ಅಪರೂಪವೆಂದು ಹೇಳುವಂತಿಲ್ಲ. ಇಂದು ದ್ವಿತ್ವದ ಸೊನ್ನೆಯನ್ನು ಅನುಸ್ವಾರವೆಂದು ಓದಿದ ತರುಣನೇ ಹತ್ತು ವರ್ಷಗಳ ಬಳಿಕ ಆ ಭಂಡಾರದ ವಿವರಣಾತ್ಮಕ ಸೂಚಿಯನ್ನು ಬರೆಯುವವನಾಗಬಹುದು. ಪ್ರಾಕೃತ, ಹಳಗನ್ನಡ ಲಿಪಿ ಎರಡನ್ನೂ ಬಲ್ಲವರ ಸಂಖ್ಯೆ ಎಷ್ಟೆಂಬುದು ಈ ಪುಟಗಳ ವಾಚಕರಿಗೆ ಹೇಳಬೇಕಾದ ವಿಷಯವಲ್ಲ.

ಪತ್ರಗಳ ದಾಖಲೆಯ ಬಗ್ಗೆ ಹೇಳಬೇಕಾದುದು ಕಡಮೆ. ಬಂದ ದಿನವೇ ಪ್ರತಿಯೊಂದಕ್ಕೂ ಕ್ರಮಾಂಕ ಕೊಟ್ಟು ಒಂದು ದಪ್ತರದಲ್ಲಿ ಬರೆದುಕೊಳ್ಳಬೇಕು; ದೂರವಾಣಿಯಲ್ಲಿ ಕೇಳಿದ್ದನ್ನೂ, ಎದುರಿಗೆ ಬಂದು ಹೇಳಿದ್ದನ್ನೂ ಅದರಲ್ಲಿಯೇ ಬರೆಯಬೇಕು, ಇಲ್ಲವಾದರೆ ಆ ಮಾತು ಗಾಳಿಗೆ ಹೋಯಿತೆಂದೇ ಅರ್ಥ. ಪತ್ರ ತಲಪಿತೆಂಬ ಒಂದು ಸಾಲಿನ ಉತ್ತರವನ್ನು ಕೂಡಲೇ ಕಳುಹಿಸಬೇಕು. ಪರೀಕ್ಷೆಗೆ ಎರಡು ತಿಂಗಳು ಹಿಡಿಯುವುದಾದರೆ ಎರಡು ತಿಂಗಳೆಂದೇ ಬರೆಯಬಹುದು, ವಿದ್ವಾಂಸರು ಕಾಯಬಲ್ಲರು. ಅವರು ಸಹಿಸಲಾರದ್ದು ಮೌನವನ್ನು. ಭಂಡಾರಗಳ ಬಗ್ಗೆ ಕೇಳಿಬರುವ ದೂರುಗಳಲ್ಲಿ ಅನುಮತಿ ನಿರಾಕರಿಸಿದರೆಂಬುದಕ್ಕಿಂತ ಉತ್ತರವೇ ಬರಲಿಲ್ಲವೆಂಬುದು ಹೆಚ್ಚು ಕಹಿಯಾದುದು. ಆಗದೆಂಬ ಉತ್ತರ ಬಂದರೆ ಸಂಶೋಧಕನು ಬೇರೆ ಪ್ರತಿಯನ್ನು ಹುಡುಕಿಕೊಳ್ಳುತ್ತಾನೆ.

ಪ್ರಶ್ನೆ ಕೇಳುವವರಿಂದಲೂ ಒಂದು ಶಿಸ್ತನ್ನು ಅಪೇಕ್ಷಿಸಬೇಕಾಗುತ್ತದೆ. ‘ನಿಮ್ಮ ಸೂಚಿಯಲ್ಲಿ ಅನೇಕ ದೋಷಗಳಿವೆ’ ಎಂಬ ಪತ್ರದಿಂದ ಯಾರಿಗೂ ಪ್ರಯೋಜನವಿಲ್ಲ. ಕಟ್ಟಿನ ಸಂಖ್ಯೆ, ಗರಿಯ ಸಂಖ್ಯೆ, ಮುಂಬದಿಯೋ ಹಿಂಬದಿಯೋ, ಎಷ್ಟನೆಯ ಸಾಲು ಎಂಬುದನ್ನು ಹೇಳಿದರೆ ಮಾತ್ರ ಪರೀಕ್ಷೆ ಸಾಧ್ಯ. ಗರಿಗೆ ಒಂದೇ ಬದಿಯಲ್ಲಿ ಅಂಕಿ ಇರುವುದರಿಂದ ಬದಿಯನ್ನು ಹೇಳದಿದ್ದರೆ ಇಪ್ಪತ್ತು ಸಾಲುಗಳಲ್ಲಿ ಹುಡುಕಬೇಕಾಗುತ್ತದೆ. ಇದು ಸೋಮಾರಿತನದ ಮಾತಲ್ಲ. ಒಂದು ಕಟ್ಟನ್ನು ಬಿಚ್ಚುವುದೆಂದರೆ ವಸ್ತ್ರವನ್ನು ತೆಗೆದು, ಹಲಗೆಗಳನ್ನು ಸರಿಸಿ, ದಾರವನ್ನು ಸಡಿಲಿಸಿ ಗರಿಗಳನ್ನು ಒಂದೊಂದಾಗಿ ಮಗುಚುವುದು. ಒಣಗಿದ ಗರಿಯ ಅಂಚು ಪ್ರತಿ ಸಲವೂ ಎಳ್ಳಷ್ಟಾದರೂ ಮುರಿಯುತ್ತದೆ. ಸಿಟ್ರೊನೆಲ್ಲಾ ಎಣ್ಣೆಯನ್ನು ಸವರಿ ಗರಿಗೆ ಬಳುಕನ್ನು ತರಬಹುದು, ಅಕ್ಷರಗಳಿಗೆ ಕಾಡಿಗೆ ತುಂಬಿ ಕಾಣುವಂತೆ ಮಾಡಬಹುದು. ಮುರಿದ ಅಂಚಿನೊಡನೆ ಹೋದ ಅಕ್ಷರವನ್ನು ಮಾತ್ರ ತರಲಾಗದು. ಛಾಯಾಚಿತ್ರವಿದ್ದರೆ ಮೊದಲು ಅದನ್ನು ನೋಡಬೇಕು. ಅದರಲ್ಲಿ ನಿರ್ಣಯವಾಗದಿದ್ದಾಗಲೇ ಗರಿಯನ್ನು ಮುಟ್ಟಬೇಕು. ಮುಟ್ಟಿದ ಮೇಲೆ ಆ ಗರಿಗೆ ಸಂಬಂಧಿಸಿ ಬಾಕಿಯಿರುವ ಎಲ್ಲ ಪ್ರಶ್ನೆಗಳನ್ನೂ ಒಮ್ಮೆಗೇ ತೀರಿಸಿಬಿಡಬೇಕು. ಪತ್ರಗಳ ದಪ್ತರವನ್ನು ಕಟ್ಟಿನ ಸಂಖ್ಯೆಯ ಅನುಕ್ರಮದಲ್ಲಿಯೂ ನೋಡಲು ಬರುವಂತೆ ಇಡುವುದರ ಪ್ರಯೋಜನ ಇದೇ.

ತಿದ್ದಿದ ಸಂಗತಿ ಭಂಡಾರದ ಗೋಡೆಯೊಳಗೇ ಉಳಿದರೆ ಕೆಲಸ ಅರ್ಧವಾದಂತೆ. ಕೆ. ಭುಜಬಲಿ ಶಾಸ್ತ್ರಿಗಳು ಮೂಡಬಿದಿರೆ, ಕಾರ್ಕಳ ಮೊದಲಾದ ಕಡೆಗಳ ಭಂಡಾರಗಳನ್ನು ಶೋಧಿಸಿ ಸಿದ್ಧಪಡಿಸಿದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಆರಾದ ಜೈನ ಸಿದ್ಧಾಂತ ಭವನದಲ್ಲಿ ಗ್ರಂಥಾಲಯದ ಕಾರ್ಯಭಾರವನ್ನು ನಿರ್ವಹಿಸಿ ಅನುಭವ ಪಡೆದಿದ್ದ ಅವರು ಮಾಡಿದ ಈ ಕಾರ್ಯದಿಂದ ಉತ್ತರದ ವಿದ್ವಾಂಸರಿಗೆ ಕರ್ನಾಟಕದ ಭಂಡಾರಗಳ ಬಾಗಿಲು ತೆರೆಯಿತೆಂದರೆ ಉತ್ಪ್ರೇಕ್ಷೆಯಲ್ಲ. ಅದಕ್ಕೆ ಮೊದಲು, 1944ರಲ್ಲಿ, ವೇಲಣಕರರ ಜಿನರತ್ನಕೋಶ ಪುಣೆಯಿಂದ ಹೊರಬಂದಿತ್ತು. ಮದರಾಸು ವಿಶ್ವವಿದ್ಯಾಲಯದ ನ್ಯೂ ಕ್ಯಾಟಲೋಗಸ್ ಕ್ಯಾಟಲೋಗೋರಮ್‌ನ ಮೊದಲ ಸಂಪುಟದ ಪ್ರಕಟಣೆ 1949ರದು. ಇಂಥ ಸಮಗ್ರ ಸೂಚಿಗಳನ್ನು ರಚಿಸಿದವರು ಎಲ್ಲ ಭಂಡಾರಗಳನ್ನೂ ಸ್ವತಃ ನೋಡಲು ಸಾಧ್ಯವಿಲ್ಲ. ಸ್ಥಳೀಯ ಸೂಚಿಗಳಲ್ಲಿ ಇದ್ದುದನ್ನೇ ಅವರು ನಂಬಿ ಎತ್ತಿಕೊಳ್ಳಬೇಕಾಗುತ್ತದೆ. ಸ್ಥಳೀಯ ಸೂಚಿಯಲ್ಲಿ ಒಂದು ಟೀಕೆಗೆ ತಪ್ಪು ಕರ್ತೃವನ್ನು ಹೇಳಿದ್ದರೆ ಆ ತಪ್ಪು ಅಲ್ಲಿಂದ ಸಮಗ್ರ ಸೂಚಿಗೆ, ಅಲ್ಲಿಂದ ಸಾಹಿತ್ಯ ಚರಿತ್ರೆಗೆ, ಅಲ್ಲಿಂದ ಪಠ್ಯಪುಸ್ತಕಕ್ಕೆ ಹೋಗುತ್ತದೆ. ಅನಂತರ ಯಾರಾದರೂ ಆಧಾರವೇನೆಂದು ಕೇಳಿದರೆ ನಾಲ್ಕು ಗ್ರಂಥಗಳ ಹೆಸರು ದೊರೆಯುತ್ತದೆ. ನಾಲ್ಕಕ್ಕೂ ಆಧಾರ ಒಂದೇ ಎಂಬುದು ಕಾಣುವುದಿಲ್ಲ. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನದ ವತಿಯಿಂದ ದೇಶದ ಅನೇಕ ಭಂಡಾರಗಳ ವಿವರಗಳು ಒಂದೆಡೆ ಸಂಗ್ರಹವಾದುವು. ಇಂಥ ಕಡೆಗಳಿಗೆ ಭಂಡಾರಗಳು ವರ್ಷಕ್ಕೊಮ್ಮೆಯಾದರೂ ತಮ್ಮ ತಿದ್ದುಪಡಿಗಳ ಪಟ್ಟಿಯನ್ನು ಕಳುಹಿಸಿಕೊಡದಿದ್ದರೆ ಹಳೆಯ ತಪ್ಪುಗಳೇ ಹೊಸ ವೇಗದಿಂದ ಹರಡುತ್ತವೆ.

ಪತ್ರಗಳಲ್ಲಿ ಇನ್ನೊಂದು ಬಗೆಯಿದೆ. ಅದನ್ನು ತಿದ್ದುಪಡಿಯೆನ್ನುವಂತಿಲ್ಲ, ವಿಚಾರಣೆಯೆನ್ನುವಂತಿಲ್ಲ. ‘ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ಓಲೆಯ ಕಟ್ಟು ಇದೆ, ಏನೆಂದು ತಿಳಿಯದು’ ಎಂಬ ಪತ್ರ. ಇಂಥವು ಅಡ್ಡವಾದ ಅಕ್ಷರಗಳಲ್ಲಿ, ಕೆಲವೊಮ್ಮೆ ಮಸುಕಾದ ಒಂದು ಚಿತ್ರದೊಡನೆ ಬರುತ್ತವೆ. ಕಡತದ ತಳದಲ್ಲಿ ಬಿದ್ದುಬಿಡುತ್ತವೆ. ತಂಜಾವೂರು ಪ್ರಾಂತದ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂದೊಪ್ಪಿಸಿದ ಒಂದು ಕಟ್ಟಿನಿಂದಲೇ ಕೌಟಿಲ್ಯನ ಅರ್ಥಶಾಸ್ತ್ರ ಶಾಮಶಾಸ್ತ್ರಿಗಳ ಕೈ ಸೇರಿ 1909ರಲ್ಲಿ ಅಚ್ಚಾಯಿತೆಂಬುದನ್ನು ನೆನೆದರೆ ಇಂಥ ಪತ್ರಗಳನ್ನು ಎಲ್ಲಕ್ಕಿಂತ ಮೊದಲು ತೆರೆಯಬೇಕೆಂದು ತೋರುತ್ತದೆ. ಹೀಗೆ ಬರೆದವರ ಊರು, ಮನೆಗಳ ವಿವರವನ್ನು ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬ ಸಂಶೋಧಕನಿಗೆ ಕೊಡಬಾರದು. ಹಸ್ತಪ್ರತಿಗಳ ಬೆಲೆಯನ್ನು ಬಲ್ಲವರೆಲ್ಲ ಸಂಶೋಧಕರಲ್ಲ. ತಿದ್ದುಪಡಿ ಸೂಚಿಸಿದವರ ಹೆಸರನ್ನು ಅಚ್ಚಿನಲ್ಲಿ ಸ್ಮರಿಸುವುದಕ್ಕೂ ಒಂದು ಮಾತು ಕೇಳಿಕೊಳ್ಳುವುದು ಉಚಿತ. ಹೆಸರು ಬೇಕೆನ್ನುವವರೇ ಹೆಚ್ಚಾದರೂ ಬೇಡವೆನ್ನುವವರೂ ಇದ್ದಾರೆ.

ಮಠ, ಬಸದಿಗಳ ಆಶ್ರಯದಲ್ಲಿರುವ ಭಂಡಾರಗಳಿಗೆ ವಿಶಿಷ್ಟವಾದ ಒಂದು ಕಷ್ಟವುಂಟು. ಅಲ್ಲಿ ಗ್ರಂಥವು ಶ್ರುತದೇವತೆಯ ಸ್ವರೂಪ. ಅದನ್ನು ಮುಟ್ಟುವುದಕ್ಕೆ ಶುಚಿಯ ನಿಯಮಗಳಿವೆ, ತೆರೆಯುವುದಕ್ಕೆ ಅನುಮತಿಯ ಕ್ರಮವಿದೆ. ಹೊರಗಿನಿಂದ ಬಂದ ಸಂಶೋಧಕನಿಗೆ ಇವು ಅಡ್ಡಿಗಳಾಗಿ ಕಾಣುತ್ತವೆ, ಅವನ ಅಸಮಾಧಾನ ಪತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಈ ನಿಯಮಗಳೇ ಗರಿಗಳನ್ನು ಶತಮಾನಗಳ ಕಾಲ ಉಳಿಸಿದುವೆಂಬುದು ಎಷ್ಟು ನಿಜವೋ, ಮೂಡಬಿದಿರೆಯ ಗರಿಗಳು ಹೊರಗಿನವರ ಕಣ್ಣಿಗೆ ಬೀಳದಿದ್ದುದರಿಂದಲೇ 93ನೆಯ ಸೂತ್ರ ಅಚ್ಚಿನಲ್ಲಿ ಊನವಾಗಿ ಬಂದಿತೆಂಬುದೂ ಅಷ್ಟೇ ನಿಜ. ಶಾಂತಿಸೇನನ ಪತ್ನಿ ಮಲ್ಲಿಕಬ್ಬೆ ಶ್ರೀಪಂಚಮಿ ವ್ರತದ ಉದ್ಯಾಪನೆಗೆ ಮಹಾಬಂಧವನ್ನು ಬರೆಯಿಸಿ ಮಾಘನಂದಿ ಆಚಾರ್ಯರಿಗೆ ಕೊಟ್ಟಳು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಇವರ ದಾನ ಓದುವವರಿಗೆ ಸಂದದ್ದು. ನಿಯಮಗಳನ್ನು ಸಡಿಲಿಸದೆಯೇ ಅವನ್ನು ಮುಂದಾಗಿ ಬರೆದು ತಿಳಿಸಬಹುದು. ಯಾವ ದಿನ, ಯಾರ ಅನುಮತಿ, ಏನನ್ನು ತರಬಾರದು, ಎಷ್ಟು ಗರಿಗಳನ್ನು ನೋಡಬಹುದು ಎಂಬುದನ್ನು ಮೊದಲೇ ತಿಳಿದು ಬಂದವನು ದ್ವಾರದಲ್ಲಿ ಜಗಳವಾಡುವುದಿಲ್ಲ.

ಸಂದರ್ಶಕರ ಅಭಿಪ್ರಾಯ ಪುಸ್ತಕವೆಂಬುದು ಎಲ್ಲ ಭಂಡಾರಗಳಲ್ಲಿಯೂ ಉಂಟು. ಅದರ ಪುಟಗಳನ್ನು ತಿರುವಿದರೆ ‘ಭಂಡಾರವನ್ನು ನೋಡಿ ಅತ್ಯಂತ ಸಂತೋಷವಾಯಿತು’ ಎಂಬ ವಾಕ್ಯ ವರ್ಷದಿಂದ ವರ್ಷಕ್ಕೆ ಅವಿಚ್ಛಿನ್ನವಾಗಿ ಹರಿದುಬಂದಿರುವುದು ಕಾಣುತ್ತದೆ. ಅತಿಥಿ ಹೊರಡುವಾಗ ಭಂಡಾರದವರ ಎದುರಿಗೇ ಕುಳಿತು ಬರೆಯುವ ಪುಸ್ತಕದಲ್ಲಿ ಬೇರೇನು ಬರೆದಾನು? ಅದೇ ಪುಸ್ತಕದಲ್ಲಿ ಯಾವ ಗ್ರಂಥವನ್ನು ನೋಡಬಯಸಿ ಬಂದಿರಿ, ಅದು ದೊರೆಯಿತೇ ಎಂಬ ಎರಡು ಕಲಮುಗಳನ್ನು ಹೆಚ್ಚಾಗಿ ಹಾಕಿದರೆ ಪ್ರಶಂಸೆಗಿಂತ ಹೆಚ್ಚಿನ ಉಪಯೋಗವಾದೀತು. ದೊರೆಯಲಿಲ್ಲವೆಂದು ಬರೆದ ಗ್ರಂಥ ಸೂಚಿಯಲ್ಲಿ ಇದ್ದು ಕಪಾಟಿನಲ್ಲಿ ಇಲ್ಲವೆಂದಾದರೆ ಅದು ಭಂಡಾರದವರು ಮೊದಲು ತಿಳಿಯಬೇಕಾದ ಸುದ್ದಿ. ಬೇರೊಂದು ಕಟ್ಟಿನೊಳಗೆ ಸೇರಿಹೋದ ಬಿಡಿ ಗರಿಗಳು ಪತ್ತೆಯಾಗುವುದು ಬಹುಮಟ್ಟಿಗೆ ಹೀಗೆಯೇ.

ಪರೀಕ್ಷೆಯ ಫಲವನ್ನು ಬರೆದ ಚೀಟಿಯನ್ನು ಕಟ್ಟಿನೊಳಗೆ ಇಡುವ ಅಭ್ಯಾಸ ಕೆಲವೆಡೆ ಇದೆ. ಇದು ಕೂಡದು. ಅಗ್ಗದ ಕಾಗದದ ಆಮ್ಲ ಗರಿಗೆ ಹತ್ತುತ್ತದೆ; ಚೀಟಿಗೆ ಚುಚ್ಚಿದ ಗುಂಡುಸೂಜಿ ತುಕ್ಕು ಹಿಡಿಯುತ್ತದೆ. ಫಲವು ದಪ್ತರದಲ್ಲಿಯೂ ಸೂಚಿಯಲ್ಲಿಯೂ ಇರಲಿ. ಕಟ್ಟಿನ ವಸ್ತ್ರಕ್ಕೆ ಹೊಲಿದ ಹೆಸರುಪಟ್ಟಿಯ ಮೇಲೆ ದಪ್ತರದ ಕ್ರಮಾಂಕವನ್ನು ಮಾತ್ರ ಸೀಸದ ಕಡ್ಡಿಯಿಂದ ಗುರುತಿಸಿದರೆ ಸಾಕು. ಜ್ಯೇಷ್ಠ ಶುಕ್ಲ ಪಂಚಮಿಯಂದು, ಶ್ರುತಪಂಚಮಿಯ ನಿಮಿತ್ತ, ಕಟ್ಟುಗಳನ್ನು ಹೊರತೆಗೆದು ಧೂಳು ಕೊಡವಿ ವಸ್ತ್ರಗಳನ್ನು ಬದಲಾಯಿಸಿ ಪೂಜಿಸುವ ಪದ್ಧತಿ ನಮ್ಮ ಭಂಡಾರಗಳಲ್ಲಿ ನಡೆದುಬಂದಿದೆ. ಹೇಗಿದ್ದರೂ ಕಟ್ಟುಗಳು ಅಂದು ಹೊರಗೆ ಬರುತ್ತವೆ. ಛಾಯಾಚಿತ್ರದಿಂದ ನಿರ್ಣಯವಾಗದೆ ವರ್ಷದುದ್ದಕ್ಕೂ ಬಾಕಿಯುಳಿದ ಪ್ರಶ್ನೆಗಳ ಪಟ್ಟಿಯನ್ನು ಅಂದು ಕೈಯಲ್ಲಿ ಹಿಡಿದುಕೊಂಡು ಕುಳಿತರೆ, ಪೂಜೆ ಮುಗಿದು ಕಟ್ಟುಗಳು ಕಪಾಟಿಗೆ ಹಿಂದಿರುಗುವುದರೊಳಗಾಗಿ ಅವುಗಳಲ್ಲಿ ಹಲವಕ್ಕೆ ಉತ್ತರ ಬರೆಯಲು ಸಾಧ್ಯ.